ಅದೇ ಡಿಸೈನು, ಫೋಟೋ ಮಾತ್ರ ಬೇರೆ

ನಮ್ಮ ಹೆಡ್‌ಮಾಸ್ಟರ್ ಚಂದ್ರಮೋಹನ್ ಅವರಿಗೆ ದಾಸವಾಳ ಎಂದರೆ ಪ್ರಾಣ. ದೇವರಿಗೆ ಮುಡಿಸಲು ಅಲ್ಲ, ಪಾಠ ಮುಗಿಸಲು. ಸಂತಾನೋತ್ಪತ್ತಿಯ ಪಾಠ ಹತ್ತಿರ ಬಂತೆಂದರೆ ಸಾಕು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೈ ಹೊಸಕಿಕೊಳ್ಳುತ್ತಾ, "ಗಂಗಾ ಮಿಸ್, ದಾಸವಾಳದವರೆಗೆ ಮಾಡಿ, ಸಾಕು. ಮಿಕ್ಕಿದ್ದು ಮಕ್ಕಳು ಮನೇಲಿ ಓದ್ಕೊತಾರೆ" ಅನ್ನುತ್ತಾರೆ. ದಾಸವಾಳದ ಕೇಸರ, ಪರಾಗ, ಅಂಡಾಶಯ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬಹುದು. ಹೂವಿಗೆ ಮಾನ ಇಲ್ಲ. ಅಲ್ಲಿಂದ ಮುಂದಿನ ಪುಟಗಳಿಗೆ, ಅಂದರೆ ಮನುಷ್ಯರು ಬರುವ ಪುಟಗಳಿಗೆ, ಅವರು ಜೂನ್ ತಿಂಗಳಲ್ಲೇ, ಪುಸ್ತಕ ಹಂಚುವ ಮೊದಲೇ, ಸ್ಟೇಪ್ಲರ್ ಪಿನ್ ಹೊಡೆಸಿಬಿಡುತ್ತಾರೆ. ಹಾಗಾಗಿ ಇಡೀ ಪುಸ್ತಕದಲ್ಲಿ ಹುಡುಗರು ತಾವಾಗಿಯೇ ತೆರೆದು ಓದುವ ಪಾಠ ಅದೊಂದೇ. ಹುಡುಗಿಯರ ಪುಸ್ತಕದ ಪಿನ್ ಮಾತ್ರ ವರ್ಷವಿಡೀ ಹಾಗೇ ಇರುತ್ತದೆ, ಪಾಪ, ಹೇಳಿದ ಮಾತು ಕೇಳುವ ಮಕ್ಕಳು.

ನಾನು ಗಂಗಾಲಕ್ಷ್ಮಿ. ಹುಟ್ಟಿದ್ದು ಮುಳಬಾಗಿಲು, ಕೊಟ್ಟಿದ್ದು ಮಾಲೂರಿಗೆ, ಮನೆ ಮಾಡಿರುವುದು ಕೋಲಾರದಲ್ಲಿ, ದಿನಾ ಬಸ್ಸು ಹತ್ತಿ ಬರುವುದು ಶ್ರೀನಿವಾಸಪುರದ ಪಕ್ಕದ ಯಲವಕುಂಟೆಯ ಪ್ರೌಢಶಾಲೆಗೆ. ವಿಜ್ಞಾನ ಹೇಳುತ್ತೇನೆ. ಬಾಯಿ ಜೋರು ಅಂತ ನನ್ನ ಅತ್ತೆಯೂ ಹೇಳುತ್ತಿದ್ದರು, ಹೆಡ್‌ಮಾಸ್ಟರೂ ಹೇಳುತ್ತಾರೆ. ಮೆಲ್ಲಗೆ ಹೇಳಿದರೆ ಕೇಳುವ ಜನ ಸಿಕ್ಕಿದ್ದರೆ ನಾನೂ ಮೆಲ್ಲಗೇ ಹೇಳುತ್ತಿದ್ದೆ.

ಈ ವರ್ಷ ಮೇಲಿನಿಂದ ಸುತ್ತೋಲೆ ಬಂತು. ಶನಿವಾರ ಒಂದು ಪೀರಿಯಡ್ ಹದಿಹರೆಯದ ಶಿಕ್ಷಣ, ಎಂಟರಿಂದ ಹತ್ತನೇ ತರಗತಿಯವರೆಗೆ, ಹುಡುಗ ಹುಡುಗಿ ಇಬ್ಬರಿಗೂ. ಹೆಡ್‌ಮಾಸ್ಟರು ಅದನ್ನು ಬಿಸಿ ಪಾತ್ರೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ಶಾಲಾಭಿವೃದ್ಧಿ ಸಮಿತಿಯ ಮುಂದೆ ಇಟ್ಟರು.

ಸಮಿತಿಯ ಅಧ್ಯಕ್ಷರು ಭೀಮರಾಜ್. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇದೆ, ಯಲವಕುಂಟೆಯಲ್ಲಿ ಗ್ರಾನೈಟ್ ಹಾಸಿದ ಮನೆ ಇದೆ. ಮಕ್ಕಳನ್ನು ಕೋಲಾರದ ದೊಡ್ಡ ಸ್ಕೂಲಿಗೆ ಕಳಿಸುವ ಶಕ್ತಿ ಇದ್ದರೂ ಕಳಿಸಲಿಲ್ಲ. ಮಕ್ಕಳು ಇಲ್ಲಿ ಓದದಿದ್ದರೆ ಅಪ್ಪ ಅಧ್ಯಕ್ಷನಾಗುವಂತಿಲ್ಲ ನೋಡಿ. ಮಗ ಉದಯಕುಮಾರ್ ಒಂಬತ್ತನೇ ತರಗತಿ, ಮಗಳು ಮೇಘನ ಎಂಟು.

"ಮಿಸ್, ಇದೆಲ್ಲ ಬೆಂಗಳೂರಲ್ಲಿ ನಡೀತದೆ" ಎಂದರು ಭೀಮರಾಜ್ ಸಭೆಯಲ್ಲಿ. "ನಮ್ ಕಡೆ ಹೆಣ್ಮಕ್ಕಳ ಮುಂದೆ ಆ ಮಾತೆಲ್ಲ ಆಡೋದುಂಟಾ?"

"ಯಾವ ಮಾತು?" ಎಂದೆ.

"ಅದೇ."

"ಅದೇ ಅಂದ್ರೆ?"

"ಅದೇ ಮಿಸ್, ನಿಮ್ಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು, ಅವರಿಗೆ ಗೊತ್ತು" ಎಂದರು ಹೆಡ್‌ಮಾಸ್ಟರು, ನಾನೆಲ್ಲಿ ಹೇಳಿಬಿಡುತ್ತೇನೋ ಎಂಬ ಗಾಬರಿಯಲ್ಲಿ. ಯಾರೂ ಹೆಸರೆತ್ತದ ಒಂದು ವಸ್ತುವಿನ ಮೇಲೆ ಎಲ್ಲರೂ ಸೇರಿ ನಿಷೇಧ ಹಾಕಿ, ಬಾದಾಮಿ ಹಾಲು ಕುಡಿದು ಎದ್ದರು. ಶನಿವಾರದ ಆ ಪೀರಿಯಡ್ಡನ್ನು ಶಾಲೆಯ ಅಂಗಳದ ಕಳೆ ಕೀಳುವುದಕ್ಕೆ ಕೊಟ್ಟರು. ಈಗ ನಮ್ಮ ಅಂಗಳದಲ್ಲಿ ಒಂದು ಗರಿಕೆಯೂ ಇಲ್ಲ.

ಭೀಮರಾಜ್ ಅವರ ಇನ್ನೊಂದು ಗುಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಮನುಷ್ಯನಿಗೆ ಫ್ಲೆಕ್ಸ್ ಹುಚ್ಚು. ಲೀಡರುಗಳ ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಯಾರೋ ಯಾವುದೋ ಸೊಸೈಟಿಗೆ ಡೈರೆಕ್ಟರ್ ಆದರೆ ಫ್ಲೆಕ್ಸ್, ಸತ್ತವರಿಗೆ ಕಪ್ಪು ಅಂಚಿನ ಫ್ಲೆಕ್ಸ್. ಯಲವಕುಂಟೆ ಬಸ್‌ಸ್ಟಾಪಿನ ಎದುರು ಕಬ್ಬಿಣದ ಚೌಕಟ್ಟೇ ನೆಡಿಸಿದ್ದಾರೆ. ಶ್ರೀನಿವಾಸಪುರದ ಫ್ಲೆಕ್ಸ್ ಅಂಗಡಿಯ ಕದಿರೇಶನಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಹೋಗುತ್ತದೆ, ಕೆಳಗೆ ಎರಡು ಸಾಲು ಬರಹ, ಜೊತೆಗೆ ಇವರ ಖಾಯಂ ಆಜ್ಞೆ: "ಅದೇ ಡಿಸೈನು, ಫೋಟೋ ಮಾತ್ರ ಬದಲಾಯಿಸು." ಕದಿರೇಶ ಪ್ರಶ್ನೆ ಕೇಳುವುದಿಲ್ಲ. ಬೆಳಗಾಗುವಷ್ಟರಲ್ಲಿ ಅವನ ಕಡೆಯವರು ಬಂದು ಕಟ್ಟಿ ಹೋಗಿರುತ್ತಾರೆ.

ಆದರೆ ಭೀಮರಾಜ್‌ಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬರುವುದಿಲ್ಲ. ಅಷ್ಟನ್ನೂ ಬರೆಯುವವಳು ಮೇಘನ. "ಬಡವರ ಬಂಧು", "ದೀನರ ಆಶಾಕಿರಣ" ಎಲ್ಲ ಅವಳದೇ. ತರಗತಿಯಲ್ಲಿ ಪ್ರಬಂಧ ಬರೆ ಎಂದರೆ ನಮ್ಮೂರ ಕೆರೆಯನ್ನೂ "ಜನಮನದ ನಾಯಕ" ಅಂತ ಕರೆದಿದ್ದಳು. ಬೆನ್ನಿಗೊಂದು ಹೊಡೆದು ನಕ್ಕಿದ್ದೆ. ಚುರುಕು ಹುಡುಗಿ, ಮಾತಿಗೆ ಮಾತು ಕೊಡುವವಳು, ನನಗೆ ಬಹಳ ಇಷ್ಟ.

ಜುಲೈ ಮೊದಲ ವಾರ ಮೇಘನ ಶಾಲೆಗೆ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಬಸ್ ಇಳಿದವಳು ಆ ಚೌಕಟ್ಟನ್ನು ನೋಡಿ ಅಲ್ಲೇ ನಿಂತೆ. ಮೇಘನ ರೇಷ್ಮೆ ಲಂಗ ಉಟ್ಟು, ಜಡೆಗೆ ಮೊಗ್ಗು ಮುಡಿದು, ನನ್ನ ಎರಡರಷ್ಟು ಎತ್ತರ ನಿಂತಿದ್ದಳು. "ನಮ್ಮ ಮನೆಯ ಮುದ್ದಿನ ಕುವರಿ ಚಿ. ಮೇಘನ ಪುಷ್ಪವತಿಯಾದ ಶುಭ ಸಮಾರಂಭ. ಈ ಸಂತಸದ ವೇಳೆ ತಾವೆಲ್ಲರೂ ಬಂದು ಆಶೀರ್ವದಿಸಬೇಕು." ಕೆಳಗೆ ತೆಲುಗಿನಲ್ಲೂ ಅದೇ, ಗಡಿಯಾಚೆಯ ನೆಂಟರು ತಪ್ಪಿಸಿಕೊಳ್ಳದಿರಲಿ ಅಂತ. ಮೇಲೆ ಲೀಡರುಗಳ ಸಾಲು, ಎಲ್ಲರೂ ಕೈ ಮುಗಿದು ನಗುತ್ತಿದ್ದಾರೆ. ಮಗ್ಗುಲಲ್ಲಿ ಸೋದರಮಾವ ನರೇಶ್, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಹುಡುಗಿಗಿಂತ ಒಂದು ಗೇಣು ದೊಡ್ಡದಾಗಿ.

ಅಯ್ಯೋ ನಿಮ್ಮ ಮನೆ ಕಾಯ, ಅಂದುಕೊಂಡೆ. ನಾಲ್ಕು ಗೋಡೆಯ ತರಗತಿಯಲ್ಲಿ ಎತ್ತಬಾರದ ಮಾತನ್ನು ಕೋಲಾರದ ಬಸ್ಸಿನವರೆಲ್ಲ ಓದಿಕೊಂಡು ಹೋಗುತ್ತಿದ್ದಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರಾರ್ಥನೆಯಲ್ಲಿ, ನಾಡಗೀತೆ ಮುಗಿದ ಮೇಲೆ, ಇದೇ ಚಂದ್ರಮೋಹನ್ ಸಾಹೇಬರು ಮೈಕ್ ಹಿಡಿದು, "ನಮ್ಮ ಅಧ್ಯಕ್ಷರ ಸುಪುತ್ರಿಯ ಮಂಗಳ ಕಾರ್ಯ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ಶಿಕ್ಷಕರೂ ಮಕ್ಕಳೂ ಎಲ್ಲರೂ ಬರಬೇಕಂತೆ. ಊಟ ಇದೆ" ಎಂದು ಘೋಷಿಸಿದರು. ಎಂಟನೇ ತರಗತಿಯ ಹುಡುಗರ ಸಾಲು ಒಂದು ಸಲ ಅಲುಗಾಡಿತು. ಯಾವನೋ ಕಿಸಕ್ಕೆಂದ. ಉದಯಕುಮಾರ್ ಮಾತ್ರ ಎದೆ ಉಬ್ಬಿಸಿ ನಿಂತಿದ್ದ. ಅವನಾಗಲೇ ತಂಗಿಯ ಫ್ಲೆಕ್ಸಿನ ಫೋಟೋವನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡು, ಚಪ್ಪಾಳೆಯ ಚಿತ್ರ ಅಂಟಿಸಿದ್ದ.

ಸಂಜೆ ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಹೊಸ ಮನೆಯ ಜಗಲಿಯ ಮೂಲೆಯಲ್ಲಿ ತೆಂಗಿನ ಗರಿ, ಹೊಂಗೆ ಸೊಪ್ಪಿನ ಗುಡ್ಲು. ಮೈನೆರೆದ ಹುಡುಗಿಯನ್ನು ಸಮಾರಂಭದವರೆಗೆ ಅದರೊಳಗೆ ಬೇರೆ ಕೂರಿಸುತ್ತಾರೆ, ಗುಡ್ಲು ಹಾಕುವ ಹಕ್ಕು ಸೋದರಮಾವನದು. ಮೇಲೆ ಸಿಸಿಟಿವಿ ಕ್ಯಾಮೆರಾ, ಕೆಳಗೆ ಹೊಂಗೆ ಸೊಪ್ಪು. ವೇಮಗಲ್‌ನ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ ನರೇಶ್ ಕುರ್ಚಿಯಲ್ಲಿ ಕೂತು ತನ್ನ ಕೈಕೆಲಸವನ್ನೇ ನೋಡುತ್ತಿದ್ದ. ಮೂವತ್ತರ ಹತ್ತಿರದ ಗಂಡಸು.

ಮೇಘನ ಗರಿಯ ಸಂದಿನಿಂದ ನನ್ನನ್ನು ನೋಡಿದಳು. "ಮಿಸ್, ಬಸ್‌ಸ್ಟಾಪಲ್ಲಿ ನೋಡಿದ್ರಾ?"

"ನೋಡ್ದೆ ಕಣೇ."

"ಹುಡುಗರೂ ನೋಡಿರ್ತಾರೆ."

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಅದು ಇಳಿಯೋವರೆಗೂ ನಾನು ಸ್ಕೂಲಿಗೆ ಬರಲ್ಲ ಮಿಸ್. ಅಪ್ಪಂಗೆ ಹೇಳ್ದೆ. ಲೀಡರ್ಸ್ ಫೋಟೋ ಇದೆ, ಇಳಿಸಕ್ಕಾಗಲ್ಲ ಅಂದ್ರು. ಎಲ್ಲಾ ಫ್ಲೆಕ್ಸೂ ನನ್ ಕೈಲಿ ಬರೆಸ್ತಾರೆ, ಇದನ್ನ ಮಾತ್ರ ಮಾವನ ಕೈಲಿ ಬರೆಸಿದಾರೆ. ಕೇಳಿದ್ರೆ ನಾನು ಬೇಡ ಅಂತಿದ್ದೆ."

ಆಮೇಲೆ ದನಿ ತಗ್ಗಿಸಿ ಹೇಳಿದಳು. "ಮೊದ್ಲು ನಂಗೆ ಏನಾಯ್ತು ಅಂತ್ಲೇ ಗೊತ್ತಾಗ್ಲಿಲ್ಲ ಮಿಸ್. ಕ್ಯಾನ್ಸರ್ ಅನ್ಕೊಂಡೆ. ನಂಗೊಬ್ಳಿಗೇ ಏನೋ ಆಗೋಗಿದೆ, ಸತ್ತೋಗ್ತೀನಿ ಅಂತ ಅತ್ಕೊಂಡು ಮಲಗಿದ್ದೆ. ಯಾರಿಗೂ ಹೇಳ್ಲಿಲ್ಲ. ಅಜ್ಜಿ ಬಟ್ಟೆ ನೋಡಿ ಕಂಡುಹಿಡಿದ್ಳು."

"ಅಲ್ವೇ, ನಿನ್ನ ಗೆಳತೀರ ಫಂಕ್ಷನ್ನಿಗೆ ಹೋಗಿರ್ಲಿಲ್ವಾ?"

"ಹೋಗಿದ್ದೆ. ಬಿರಿಯಾನಿ ತಿಂದ್ಕೊಂಡು ಬಂದೆ. ಯಾಕೆ ಫಂಕ್ಷನ್ನು ಅಂತ ಕೇಳಿದ್ರೆ ಅಮ್ಮ ಬಾಯ್ಮುಚ್ಚು ಅಂದ್ಳು."

ಆ ಪಿನ್ ಹೊಡೆದ ಪುಟಗಳಲ್ಲಿ ಇದ್ದದ್ದು ಇಷ್ಟೇ: ಇದು ರೋಗವಲ್ಲ, ಎಲ್ಲ ಹುಡುಗಿಯರಿಗೂ ಆಗುತ್ತದೆ, ಹೆದರಬೇಡ. ಅದನ್ನು ಹೇಳಬೇಕಿದ್ದ ಶನಿವಾರ ಈ ಮಗು ನಮ್ಮ ಅಂಗಳದಲ್ಲಿ ಗರಿಕೆ ಕೀಳುತ್ತಿತ್ತು.

ಅಷ್ಟರಲ್ಲಿ ಅಜ್ಜಿ ದೊಡ್ಡವೆಂಕಟಮ್ಮ ಎಳ್ಳುಂಡೆಯ ತಟ್ಟೆ ಹಿಡಿದು ಬಂದರು. "ರಾಮ್ಮಾ ಮಿಸ್ಸು, ಕೂಚೋ" ಎಂದು ತೆಲುಗಿನಲ್ಲೇ ಕರೆದು ಕೂರಿಸಿ, "ಇಂಕಾ ಏಂ ಸ್ಕೂಲು? ಇನ್ಯಾಕೆ ಓದು? ಪಿಲ್ಲ ದೊಡ್ಡೋಳಾದ್ಳು. ಮನೇಲೇ ಇರ್ಲಿ. ಮಾವ ಕಣ್ಮುಂದೇನೇ ಇದ್ದಾನೆ, ಕೆಲ್ಸ ಐತೆ. ಒಂದೆರಡು ವರ್ಷ ಹೋದ್ರೆ ಮಾತಾಡಿ ಮುಗಿಸೋದೇ" ಎಂದರು. ಸೊಸೆ ಭಾರತಮ್ಮ, ಮೇಘನಳ ತಾಯಿ, ಬಾಗಿಲ ಹಿಂದೆ ನಿಂತು ಹೂಂಗುಟ್ಟಿದಳು. ನರೇಶ್ ಕಾಲು ಮೇಲೆ ಕಾಲು ಹಾಕಿಕೊಂಡ.

"ಹದಿನೆಂಟು ತುಂಬೋ ಮುಂಚೆ ಆ ಮಾತು ಎತ್ತಿದ್ರೆ ಫೋನ್ ಮಾಡೋಳು ನಾನೇ ಅಜ್ಜಿ" ಎಂದೆ. "ಮೊದ್ಲು ಜೀಪು ಹತ್ತೋದು ಮಾವ."

ನರೇಶ್ ಹಾಕಿದ್ದ ಕಾಲನ್ನು ಇಳಿಸಿದ. ಆದರೆ ನನಗೆ ಗೊತ್ತಿತ್ತು. ಈ ಊರುಗಳಲ್ಲಿ ಹುಡುಗಿಯನ್ನು ಯಾರೂ ಶಾಲೆ ಬಿಡಿಸುವುದಿಲ್ಲ, ಅವಳು ತಾನಾಗಿ ಬರುವುದನ್ನು ನಿಲ್ಲಿಸಿದಾಗ ಸುಮ್ಮನಿರುತ್ತಾರೆ, ಅಷ್ಟೆ. ಈ ತಿಂಗಳು ಬರದವಳು ಮುಂದಿನ ತಿಂಗಳು ಬರುವುದು ಕಡಿಮೆ. ಮೇಘನ ಮತ್ತೆ ಬೆಂಚಿನ ಮೇಲೆ ಕೂರಬೇಕಾದರೆ ಆ ಫ್ಲೆಕ್ಸ್ ಬೇಗ ಇಳಿಯಬೇಕಿತ್ತು.

ಮಾರನೆಯ ದಿನ ಮಂಡಿಗೇ ಹೋದೆ. ಭೀಮರಾಜ್ ತೋತಾಪುರಿ ರಾಶಿಯ ಮಧ್ಯೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದರು. ಒಳ್ಳೆಯ ಮನುಷ್ಯನೇ, ಸುಳ್ಳು ಹೇಳಬಾರದು. ಹೋದವರಿಗೆ ಹಣ್ಣು ಕತ್ತರಿಸಿ ಕೊಡದೆ ಮಾತಾಡುವುದಿಲ್ಲ.

"ಖುಷಿ ವಿಷ್ಯ ಮಿಸ್. ಇದ್ರಲ್ಲಿ ನಾಚ್ಕೊಳ್ಳೋದು ಏನಿದೆ?"

"ಏನೂ ಇಲ್ಲ. ಅದನ್ನೇ ನಾನು ಕ್ಲಾಸಲ್ಲಿ ಹೇಳ್ತೀನಿ ಅಂದಿದ್ದು."

"ಅದು ಬೇರೆ, ಇದು ಬೇರೆ."

"ಏನು ಬೇರೆ?"

ಅವರು ಇನ್ನೊಂದು ಹಣ್ಣು ಕೈಗೆತ್ತಿಕೊಂಡರು. "ಅದು ಪಾಠ. ಇದು ಸಂಪ್ರದಾಯ."

"ಫ್ಲೆಕ್ಸು ಯಾವ ಕಾಲದ ಸಂಪ್ರದಾಯ ಭೀಮರಾಜ್ ಅವರೇ? ಹುಡುಗಿ ಸ್ಕೂಲಿಗೆ ಬರಲ್ಲ ಅಂತಿದಾಳೆ. ಇಳಿಸಿಬಿಡಿ."

"ಸುಮ್ನಿರಿ ಮಿಸ್, ಚಿಕ್ಕುಡುಗಿ, ನಾಕು ದಿನ ಹಂಗೇ ಆಡ್ತಾಳೆ. ಎಷ್ಟು ಜನ ಲೀಡರ್ಸ್ ಇದಾರೆ ಅದ್ರಲ್ಲಿ. ಇಳಿಸಿದ್ರೆ ಅವರ ಮನಸ್ಸಿಗೆ ಎಷ್ಟು ನೋವಾಗ್ಬೇಡ?"

ಮಗಳ ಮನಸ್ಸಿನ ಮಾತು ಅಲ್ಲಿಗೆ ಮುಗಿಯಿತು. ನಾನು ಹಣ್ಣು ಮುಟ್ಟದೆ ಎದ್ದು ಬಂದೆ. ಸಿಟ್ಟಿಗೆ ಬಸ್ಸಿನಲ್ಲಿ ಕೋಲಾರದವರೆಗೂ ನನ್ನಷ್ಟಕ್ಕೆ ಬೈದುಕೊಂಡು ಬಂದೆ. ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಸೋಮವಾರ ಬೆಳಿಗ್ಗೆ ಬಸ್ ನಿಲ್ಲುವ ಮೊದಲೇ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುತ್ತಿದ್ದ. ಬಸ್‌ಸ್ಟಾಪಿನಲ್ಲಿ ಜಾತ್ರೆಯಷ್ಟು ಜನ. ಮೇಘನಳ ಫ್ಲೆಕ್ಸಿನ ಪಕ್ಕದಲ್ಲಿ, ಅದೇ ಅಳತೆಯ, ಅದೇ ಗುಲಾಬಿ ಅಂಚಿನ ಇನ್ನೊಂದು ಫ್ಲೆಕ್ಸ್. ಅದೇ ಲೀಡರುಗಳು ಕೈ ಮುಗಿದು ನಗುತ್ತಿದ್ದಾರೆ. ಅದೇ ಸೋದರಮಾವ, ಅದೇ ಕೂಲಿಂಗ್ ಗ್ಲಾಸ್. ನಡುವೆ ಮಾತ್ರ ಉದಯಕುಮಾರ್, ಹೋದ ಯುಗಾದಿಯ ಶೇರ್ವಾನಿಯಲ್ಲಿ.

"ನಮ್ಮ ಮನೆಯ ಮುದ್ದಿನ ಕುವರ ಚಿ. ಉದಯಕುಮಾರ್ ಪ್ರಾಪ್ತ ವಯಸ್ಸಿಗೆ ಬಂದ ಶುಭ ಸಮಾರಂಭ. ದನಿ ಒಡೆದು, ಮೊಡವೆ ಮೂಡಿ, ಮೀಸೆ ಚಿಗುರಿದ ಈ ಸಂತಸದ ವೇಳೆ ತಾವೆಲ್ಲರೂ ಬಂದು ಆಶೀರ್ವದಿಸಬೇಕು."

ಟೀ ಅಂಗಡಿಯವನು ಹಾಲು ಉಕ್ಕಿ ಹೋಗುತ್ತಿದ್ದರೂ ಓದುತ್ತಿದ್ದ. ಓದು ಬಾರದವರಿಗೆ ಒಬ್ಬ ಜೋರಾಗಿ ಓದಿ ಹೇಳುತ್ತಿದ್ದ, ಮೊಡವೆ ಬಂದಾಗ ನಿಲ್ಲಿಸಿ ಮತ್ತೆ ಮೊದಲಿಂದ ಓದುತ್ತಿದ್ದ. ಮೇಘನಳ ಫ್ಲೆಕ್ಸ್ ಅಷ್ಟು ದಿನ ನಿಂತಿದ್ದರೂ ಯಾರೂ ಹೀಗೆ ನಕ್ಕಿರಲಿಲ್ಲ. ಹುಡುಗಿಯ ಮೈ ಊರಿನ ಸುದ್ದಿ, ಹುಡುಗನ ಮೈ ಊರಿಗೆ ತಮಾಷೆ. ನಾನೂ ನಕ್ಕೆ, ಮುಚ್ಚಿಡುವುದೇಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬರೆದ ಕೈ ಯಾವುದು ಅಂತ ಮೀಸೆಯವರೆಗೆ ಓದುವ ಮೊದಲೇ ನನಗೆ ಗೊತ್ತಾಗಿತ್ತು.

ಉದಯಕುಮಾರ್ ಅವತ್ತು ಶಾಲೆಗೆ ಬರಲಿಲ್ಲ. ರೂಮಿನ ಚಿಲಕ ಹಾಕಿಕೊಂಡು ಕೂತಿದ್ದಾನೆ, ತಿಂಡಿಗೂ ಬಾಗಿಲು ತೆಗೆದಿಲ್ಲ ಎಂದು ಸುದ್ದಿ ಬಂತು. ಅವನ ಬದಲು ಶಾಲೆಗೆ ಬಂದವರು ಅವನ ಅಪ್ಪ.

ಹತ್ತು ಗಂಟೆಗೆ ತುರ್ತು ಸಭೆ. ಹೆಡ್‌ಮಾಸ್ಟರು ಬೆವರು ಒರೆಸಿಕೊಳ್ಳುತ್ತಾ ನಡಾವಳಿ ಬರೆಯಲು ಕೂತರು. ಸಮಿತಿಯ ನಾಲ್ಕಾರು ಗಂಡಸರು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದರು.

"ಇದು ಈ ಮಿಸ್ ಕೆಲ್ಸ" ಎಂದರು ಭೀಮರಾಜ್. "ನನ್ನ ಮಗಳ ಫ್ಲೆಕ್ಸ್ ಇಳಿಸಿ ಅಂತ ಮಂಡಿಗೆ ಬಂದಿದ್ರು. ಇಳಿಸ್ಲಿಲ್ಲ ಅಂತ ಈ ಮಾನಗೇಡಿ ಕೆಲ್ಸ ಮಾಡ್ಸಿದಾರೆ."

"ನಾನು ಮಾಡ್ಸಿಲ್ಲ. ಆದ್ರೂ ದೂರು ಏನು ಅಂತ ಹೇಳಿ, ಸಾರ್ ಬರ್ಕೊಳ್ಳಿ" ಎಂದೆ. "ಆ ಫ್ಲೆಕ್ಸಲ್ಲಿ ಯಾವ ಮಾತು ಕೆಟ್ಟದು?"

"ಅದೇ."

"ಅದೇ ಅಂತ ಬರೆಯಕ್ಕಾಗಲ್ಲ. ದನಿ ಕೆಟ್ಟ ಮಾತಾ?"

"ಅಲ್ಲ."

"ಮೊಡವೆ?"

ಅವರು ಹೆಡ್‌ಮಾಸ್ಟರ ಕಡೆ ತಿರುಗಿದರು.

"ಮೀಸೆ ಕೆಟ್ಟದಾ ಭೀಮರಾಜ್ ಅವರೇ?"

ಭೀಮರಾಜ್ ಕೈ ತಾನಾಗಿಯೇ ತಮ್ಮ ಮೀಸೆಯ ಮೇಲೆ ಹೋಯಿತು. ಅವರದು ತಾಲ್ಲೂಕಿನಲ್ಲೇ ಹೆಸರಾದ ಮೀಸೆ. ಒಬ್ಬ ಸದಸ್ಯ ಕೆಮ್ಮುವ ನೆಪದಲ್ಲಿ ಎದ್ದು ಹೊರಗೆ ಹೋದ.

"ಮಾತಲ್ಲ ಮಿಸ್" ಎಂದರು ಕೊನೆಗೆ. ಸಿಟ್ಟು ಹೋಗಿ ದನಿಯಲ್ಲಿ ಸಂಕಟ ಬಂದಿತ್ತು. "ಹುಡುಗನ ಮೈ ವಿಷ್ಯ ಅದು. ಮನೆ ಒಳಗಿನ ವಿಷ್ಯ. ಅದನ್ನ ತಗೊಂಡೋಗಿ ರೋಡಲ್ಲಿ ಕಟ್ಟಿದ್ರೆ ಅವನು ಹೆಂಗ್ ಮಿಸ್ ತಲೆ ಎತ್ಕೊಂಡು ಓಡಾಡ್ತಾನೆ? ಹೆಂಗ್ ಸ್ಕೂಲಿಗೆ ಬರ್ತಾನೆ?"

ಹೆಡ್‌ಮಾಸ್ಟರ ರೂಮಿನ ಕಿಟಕಿಯಿಂದ ಬಸ್‌ಸ್ಟಾಪು ಕಾಣುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ಆ ಕಡೆ ತಿರುಗಿದರು. ಎರಡು ಫ್ಲೆಕ್ಸೂ ಗಾಳಿಗೆ ಒಟ್ಟಿಗೆ ಅಲುಗಾಡುತ್ತಿದ್ದವು. ಭೀಮರಾಜ್ ಮಾತ್ರ ಕಿಟಕಿಯ ಕಡೆ ನೋಡದೆ ಫೋನ್ ತೆಗೆದು ಕದಿರೇಶನಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು.

"ಯಾರೋ ಅದನ್ನ ಕಳಿಸಿದ್ದು?"

"ನೀವೇ ಅಲ್ವಣ್ಣಾ?" ಎಂದ ಕದಿರೇಶ. "ಶನಿವಾರ ನಿಮ್ ನಂಬರಿಂದಾನೇ ಬಂತು. ಮೊದ್ಲು ಲೀಡರ್ ಬರ್ತ್‌ಡೇದು ಬಂತು, ಹಿಂದೇನೇ ಇದು ಬಂತು. ಅದೇ ಡಿಸೈನು, ಫೋಟೋ ಮಾತ್ರ ಬದಲಾಯಿಸು ಅಂತ ಇತ್ತು. ಹಂಗೇ ಮಾಡ್ದೆ. ಯಾಕಣ್ಣಾ, ಕಲರ್ ಸರಿ ಬಂದಿಲ್ವಾ?"

ಭೀಮರಾಜ್ ಫೋನನ್ನೇ ನೋಡುತ್ತಾ ಕೂತರು. ಶನಿವಾರ ಆ ಫೋನು ಎಲ್ಲಿತ್ತು ಅಂತ ಅವರಿಗೆ ನೆನಪಾಗಿತ್ತು. ಗುಡ್ಲಿನಲ್ಲಿ ಕೂತವಳು ನೀರಿನ ಬಿಂದಿಗೆ ಮುಟ್ಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ದೇವರ ಮನೆಯ ಕಡೆ ನೆರಳೂ ಬೀಳುವಂತಿಲ್ಲ. ಆದರೆ ಲೀಡರ್ ಹುಟ್ಟುಹಬ್ಬ ನಿಲ್ಲುತ್ತದೆಯೇ? ಬರಹ ಟೈಪ್ ಮಾಡಿ ಕಳಿಸು ಅಂತ ಅವರೇ ಹೊಂಗೆ ಸೊಪ್ಪಿನ ಒಳಗೆ ಫೋನು ತಳ್ಳಿ ಊಟಕ್ಕೆ ಹೋಗಿದ್ದರು. ಫೋನಿಗೆ ಮೈಲಿಗೆ ಇಲ್ಲವಂತೆ.

ಮನೆಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ದೊಡ್ಡವೆಂಕಟಮ್ಮ. ಅಪ್ಪ ಹೋಗಿ ಗುಡ್ಲಿನ ಮುಂದೆ ನಿಂತರಂತೆ. ಹೊಡೆದೇ ಬಿಡುತ್ತಾನೆ ಅಂತ ಅಜ್ಜಿ ಅಡ್ಡ ಹೋದರಂತೆ. "ಯಾಕಮ್ಮಾ ಹಿಂಗ್ ಮಾಡ್ದೆ?" ಅಂತ ಅಷ್ಟೇ ಕೇಳಿದರಂತೆ.

"ಅಣ್ಣ ರೂಮಿಂದ ಆಚೆ ಬರ್ತಾ ಇಲ್ವಲ್ಲ ಅಪ್ಪ, ಒಂದೇ ದಿನಕ್ಕೆ" ಎಂದಳಂತೆ ಮೇಘನ ಒಳಗಿಂದಲೇ. "ನಂದು ಅಲ್ಲಿ ವಾರದಿಂದ ನಿಂತಿದೆ."

ಮಧ್ಯಾಹ್ನ ಕದಿರೇಶನ ಕಡೆಯವರು ಬಂದು ಎರಡನ್ನೂ ಬಿಚ್ಚಿದರು. ಹಳೆಯ ಫ್ಲೆಕ್ಸನ್ನು ಮಂಡಿಯಲ್ಲಿ ಮಾವಿನ ರಾಶಿಗೆ ಹೊದಿಸುವುದು ವಾಡಿಕೆ. ಭೀಮರಾಜ್ ಹೊದಿಸಲು ಬಿಡಲಿಲ್ಲ, ನಿಂತು ಎರಡನ್ನೂ ಚೂರು ಮಾಡಿಸಿದರಂತೆ. ಇಡೀ ಊರಿನಲ್ಲಿ ಅದಕ್ಕೆ ಮರುಗಿದವನು ನರೇಶ್ ಒಬ್ಬನೇ. ಎರಡು ಫ್ಲೆಕ್ಸಿನಲ್ಲೂ ಅವನ ಫೋಟೋ ಚೆನ್ನಾಗಿ ಬಂದಿತ್ತು. ಭಾನುವಾರದ ಆರತಿ ಮನೆಯೊಳಗೇ, ಹತ್ತಿರದ ಹೆಂಗಸರ ನಡುವೆ ಮುಗಿಯಿತು. ಹೆಡ್‌ಮಾಸ್ಟರಿಗೆ ಊಟ ತಪ್ಪಿತು.

ಆ ವಾರವೇ ಭೀಮರಾಜ್ ನನ್ನನ್ನು ಹುಡುಕಿಕೊಂಡು ಲ್ಯಾಬಿನ ಬಾಗಿಲಿಗೆ ಬಂದರು. ಒಳಗೆ ಬಂದವರು ಬಾಗಿಲು ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದೆ ಅರ್ಧ ಮುಚ್ಚಿದರು.

"ಮಿಸ್, ಹುಡುಗ ನನ್ನ ಕೇಳ್ದ. ಅಪ್ಪಾ, ನಂಗೆ ಹಿಂಗೆಲ್ಲ ಆಗ್ತಾ ಇರೋದು ಸರಿನಾ, ಏನಾದ್ರೂ ಕಾಯಿಲೆನಾ ಅಂತ. ರಾತ್ರಿ ಎಲ್ಲ ಅದೇ ಯೋಚ್ನೆ ಮಾಡ್ತಿದ್ನಂತೆ, ಎಷ್ಟೋ ತಿಂಗಳಿಂದ. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಮ್ಮಪ್ಪ ನಂಗೆ ಹೇಳಿದ್ರೆ ತಾನೆ." ಬಾಗಿಲ ಕಡೆ ನೋಡಿ, "ನೀವೇ ಅವನಿಗೆ ಸ್ವಲ್ಪ ಹೇಳಿ. ಟ್ಯೂಷನ್ ತರ. ಯಾರಿಗೂ ಗೊತ್ತಾಗ್ದಂಗೆ" ಎಂದರು.

ನನಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು. ಆದರೂ ಬಿಡಲಿಲ್ಲ. "ಟ್ಯೂಷನ್ ಇಲ್ಲ. ಶನಿವಾರ, ಎಲ್ಲ ಮಕ್ಕಳ ಜೊತೆ, ಹುಡುಗ ಹುಡುಗಿ ಒಟ್ಟಿಗೆ. ಸಮಿತಿ ಬೇಡ ಅಂದಿದೆ, ಸಮಿತೀನೇ ಬೇಕು ಅನ್ನಲಿ."

ಅನ್ನಿಸಿದೆ. ಮತ್ತೆ ಸಭೆ ಕೂತಿತು, ಮತ್ತೆ ಬಾದಾಮಿ ಹಾಲು ಬಂತು. "ಅಧ್ಯಕ್ಷರೇ, ಯಾವ ಪಾಠ ಮಾಡಬೇಕು ಅಂತ ಬರ್ಕೊಳ್ಳಲಿ?" ಎಂದರು ಹೆಡ್‌ಮಾಸ್ಟರು.

"ಅದೇ" ಎಂದರು ಭೀಮರಾಜ್. ಆಮೇಲೆ ನನ್ನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುವವರ ಹಾಗೆ, "ಮುಟ್ಟಿಂದ ಹಿಡ್ದು ಮೀಸೆವರೆಗೂ" ಎಂದರು. ಹೆಡ್‌ಮಾಸ್ಟರ ಪೆನ್ನು ಮೊದಲನೆಯ ಪದದಲ್ಲಿ ನಿಂತಿತು. "ಬರೀರಿ ಸಾರ್, ಎರಡೇ ಅಕ್ಷರ" ಎಂದೆ. ಬರೆದರು.

ಆರತಿಯಾದ ಮೇಲಿನ ಶನಿವಾರ ಮೂರೂ ತರಗತಿಯವರನ್ನು ಹಾಲ್‌ನಲ್ಲಿ ಕೂರಿಸಿದೆ. ಪುಸ್ತಕದ ಪಿನ್ನುಗಳನ್ನೆಲ್ಲ ಹುಡುಗಿಯರ ಕೈಯಲ್ಲೇ ಕೀಳಿಸಿದೆ. ಮೇಘನ ಮೊದಲ ಬೆಂಚಿನಲ್ಲಿದ್ದಳು, ಹೊಸ ಬಳೆಗಳನ್ನು ಯೂನಿಫಾರ್ಮಿನ ತೋಳಿನೊಳಗೆ ತಳ್ಳಿಕೊಂಡು. ಉದಯಕುಮಾರ್ ಕೊನೆಯ ಬೆಂಚಿನಲ್ಲಿ, ಮೂಗಿನ ಕೆಳಗೆ ಕರ್ಚೀಫ್ ಒತ್ತಿಕೊಂಡು. ಹೆಡ್‌ಮಾಸ್ಟರು ಹೊರಗೆ ಕಿಟಕಿಯ ಪಕ್ಕ ನಿಂತಿದ್ದರು. ಕಾವಲಿಗೆ ಎಂದರು. ನನಗೆ ಅನ್ನಿಸುವುದು, ಅವರಿಗೂ ಯಾರೂ ಹೇಳಿರಲಿಲ್ಲ.

"ದಾಸವಾಳದಿಂದ ಶುರು ಮಾಡಿ ಮಿಸ್" ಎಂದು ಅಲ್ಲಿಂದಲೇ ಪಿಸುಗುಟ್ಟಿದರು.

"ದಾಸವಾಳ ಸಾಕು ಸಾರ್" ಎಂದೆ. ಮಕ್ಕಳ ಕಡೆ ತಿರುಗಿ, "ಯಾರಿಗೆ ಏನು ಕೇಳಬೇಕೋ ಕೇಳಿ" ಎಂದೆ.

ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು. ಆಮೇಲೆ ಕೊನೆಯ ಬೆಂಚಿನಿಂದ ಉದಯಕುಮಾರ್ ಎದ್ದು ನಿಂತ. ಕರ್ಚೀಫ್ ಕೆಳಗಿಳಿಸಿದ. ದನಿ ಅರ್ಧ ಅಪ್ಪನದು, ಅರ್ಧ ಮಗುವಿನದು.

"ಮಿಸ್, ಇದೆಲ್ಲ ನಂಗೊಬ್ಬನಿಗೇ ಆಗ್ತಿದ್ಯಾ, ಎಲ್ರಿಗೂ ಆಗುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಮೇಘನ ಹಿಂದೆ ತಿರುಗಿದಳು.

"ಎಲ್ರಿಗೂ ಆಗುತ್ತೆ ಕಣೋ" ಎಂದಳು. "ಹೆದರ್ಕೋಬೇಡ, ಕೂತ್ಕೋ."